ಗುಡ್ಡದ ಬೀಜ ಯಾರ ಸೊತ್ತು?



ಜತ್ತ, ಅಕ್ಕಲಕೋಟ ಸೀಮೆಯ ನಮ್ಮ ಭಕ್ತರು ಮಣ್ಣು ತೊಳೆದು ಕಲ್ಲು ಎದ್ದ ಗಾಯರಾಣಗಳಲ್ಲಿ ಮತ್ತೆ ಜಾಲಿ, ಬೇವು ಬೆಳೆಸಲು ಮನಸ್ಸು ಮಾಡಿರುವುದು ಸಂತೋಷದ ಸಂಗತಿ. ಬೀಜವನ್ನು ದೂರದಿಂದ ತರಿಸದೆ ನಮ್ಮ ಗುಡ್ಡಗಳಲ್ಲಿಯೇ ಆರಿಸಬೇಕೆಂಬುದೂ ಯೋಗ್ಯವೇ. ಈ ನೆಲದ ಬರ, ಬಿಸಿಲು ಉಂಡು ಉಳಿದ ಗಿಡದ ಸಂತಾನಕ್ಕೆ ಇಲ್ಲಿ ಬಾಳುವ ಕಸುವು ಹೆಚ್ಚು. ಈ ವಿಚಾರವಾಗಿ ಕೂಡಿದಾಗ ವ್ಯಾಪಾರಸ್ಥ ಭಕ್ತರೊಬ್ಬರು, "ಕಾಡುಗಿಡದ ಬೀಜಕ್ಕೆ ಯಜಮಾನ ಯಾರು? ಚೀಲ ತುಂಬಿ ತಂದರಾಯಿತು" ಎಂದರು. ಅಲ್ಲಿಯೇ ಇದ್ದ ಕುರಿ ಕಾಯುವ ಹಿರಿಯರೊಬ್ಬರು, "ಕಾಯಿ ಎಲ್ಲಾ ನೀವ ಒಯ್ದರ ಬ್ಯಾಸಿಗ್ಯಾಗ ನಮ್ಮ ಆಡು ಏನ ತಿನ್ನಬೇಕ್ರಿ ಯಪ್ಪಾ?" ಎಂದು ಕೇಳಿದರು.

ಈ ಪ್ರಶ್ನೆಯನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಆಯ್ದಕ್ಕಿ ಮಾರಯ್ಯ ಶರಣರು ಚೆಲ್ಲಿದ ಅಕ್ಕಿಯನ್ನೇ ಆಯುತ್ತಿದ್ದವರು. ಆದರೂ ಒಂದು ದಿನ ಹೆಚ್ಚು ತಂದಾಗ ಲಕ್ಕಮ್ಮ ತಾಯಿ ಅದನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದರು. ದಾಸೋಹಕ್ಕಾಗಿ ತಂದದ್ದೆಂಬ ಸಮಜಾಯಿಷಿ ಅಲ್ಲಿ ನಡೆಯಲಿಲ್ಲ. ಉದ್ದೇಶ ಒಳ್ಳೆಯದಿದ್ದರೆ ಎಷ್ಟು ತೆಗೆದುಕೊಂಡರೂ ನಡೆದೀತೆಂಬ ಭಾವನೆ ಸಂಘ-ಸಂಸ್ಥೆಗಳಿಗೆ ಬೇಗ ಅಂಟುತ್ತದೆ. ಮಠಗಳೂ ಇದಕ್ಕೆ ಹೊರತಲ್ಲ. ಅಕ್ಕಿಯಾದರೂ ನೆಲಕ್ಕೆ ಚೆಲ್ಲಿದ್ದು. ಜಾಲಿಕಾಯಿಯಾದರೋ ಹುಲ್ಲು ಒಣಗಿದ ದಿನಗಳಲ್ಲಿ ಹೊಲವಿಲ್ಲದವನ ಆಡಿಗೆ ದಾಣಿ. ಬೇವಿನ ಬೀಜ ಆರಿಸಿ ಮಾರಿ ನಾಲ್ಕು ಕಾಸು ಕಾಣುವ ತಾಯಂದಿರೂ ನಮ್ಮ ಊರುಗಳಲ್ಲಿದ್ದಾರೆ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಗುಡ್ಡದ ಖಾತೆಗೆ ನಮಗಿಂತ ಹಳೆಯ ಹಕ್ಕುದಾರರಿದ್ದಾರೆ.

ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದವರು 2000ರಲ್ಲಿ ತೆರೆದ ಮಿಲೆನಿಯಂ ಬೀಜ ಭಂಡಾರದವರು ಒಂದು ನಿಯಮ ಪಾಲಿಸುತ್ತಾರೆ: ಆ ದಿನ ಮಾಗಿರುವ ಬೀಜದಲ್ಲಿ ನೂರಕ್ಕೆ 20 ಪಾಲಿಗಿಂತ ಹೆಚ್ಚು ಒಯ್ಯಬಾರದು. ಗಿಡದ ವಂಶ ಉಳಿಯಲು ಈ ಲೆಕ್ಕ ಒಳ್ಳೆಯದೇ. ಆದರೆ ಆಡಿನ ಹೊಟ್ಟೆ ಇದರಲ್ಲಿ ಸೇರಿಲ್ಲ.

ಜಾಲಿಯ ಮಟ್ಟಿಗೆ ದಾರಿ ಇದೆ. ಆಡು ಕಾಯಿ ತಿಂದರೂ ಬೀಜವೆಲ್ಲ ಹಾಳಾಗುವುದಿಲ್ಲ. ಮೆಲುಕು ಹಾಕುವಾಗ ಕೆಲವನ್ನು ಉಗುಳುತ್ತದೆ, ಕೆಲವು ಹಿಕ್ಕೆಯಲ್ಲಿ ಬೀಳುತ್ತವೆ. ಗಟ್ಟಿ ಸಿಪ್ಪೆ ಮೆತ್ತಗಾದ ಇಂಥ ಬೀಜ ಮರದಿಂದ ಕಿತ್ತದ್ದಕ್ಕಿಂತ ಚೆನ್ನಾಗಿ ಮೊಳೆಯುತ್ತದೆ. ಆದ್ದರಿಂದ ಮರ ಬಡಿಯುವ ಬದಲು ಹಟ್ಟಿಯಲ್ಲಿ ಗುಡಿಸಿದ ಬೀಜವನ್ನು ರೊಕ್ಕ ಕೊಟ್ಟು ಕೊಳ್ಳುವುದು ಲೇಸು. ಮಠದ ಸೇವೆಯೆಂದು ಪುಕ್ಕಟೆ ಕೇಳಬಾರದು. ಸಸಿ ಎದ್ದ ಜಾಗಕ್ಕೆ ಆಡು ಬಿಡಬೇಡಿರೆಂದು ನಾವು ಕುರಿಗಾರರನ್ನು ಕೇಳಲೇಬೇಕಾಗುತ್ತದೆ. ಕಾಯಿ ಕಸಿದುಕೊಂಡ ಮೇಲೆ ಯಾವ ಮುಖದಿಂದ ಕೇಳುವುದು?

ಬೇವಿನದು ಬೇರೆ. ಅದರ ಬೀಜ ಕೆಲವೇ ವಾರಗಳಲ್ಲಿ ಕಸುವು ಕಳೆದುಕೊಳ್ಳುವುದರಿಂದ ಚೀಲಗಟ್ಟಲೆ ಕೂಡಿಡುವುದು ವ್ಯರ್ಥ. ಬಿತ್ತುವಷ್ಟನ್ನೇ ಆರಿಸಿ ಕೂಡಲೇ ಊರಬೇಕು. ಅರಣ್ಯ ಇಲಾಖೆಯ ಜಾಗವಾದರೆ ಮೊದಲು ಅವರ ಅಪ್ಪಣೆ ಪಡೆಯಿರಿ. ಗಾಯರಾಣಕ್ಕೆ ಹೋಗುವ ಮುನ್ನ ಗ್ರಾಮ ಪಂಚಾಯತಿಯವರನ್ನು ಕೇಳುವಾಗ ಕುರಿಗಾರರನ್ನೂ ಕರೆದು ಕೂಡಿಸಿಕೊಳ್ಳಿರಿ. ಯಾವ ತುಂಡಿನಲ್ಲಿ ಮೊದಲು ಬಿತ್ತಬೇಕೆಂಬುದನ್ನು ಅವರೇ ತೋರಿಸಲಿ.