ವಿಲಾಯತಿ ಕೀಕರ್, ಬಳ್ಳಾರಿ ಜಾಲಿ

ದಿಲ್ಲಿಯ ರಿಡ್ಜ್ ಕಾಡಿನಲ್ಲಿ ಬೆಳಗಿನ ನಡಿಗೆಗೆ ಹೋದರೆ ನಮಗೆ ಎಲ್ಲೆಡೆ ಕಾಣುವುದು ಒಂದೇ ಮುಳ್ಳುಮರ. ಇಲ್ಲಿಯವರಿಗೆ ಅದು ವಿಲಾಯತಿ ಕೀಕರ್; ನಮ್ಮ ಕಡೆ ಬಳ್ಳಾರಿ ಜಾಲಿ. ಅಮೆರಿಕ ಖಂಡದ ಈ ಮರ ಅಲ್ಲಿ ಬಳ್ಳಾರಿಯದೇ ಆಯಿತು. ಇಲ್ಲಿ ಇಷ್ಟು ಕಾಲ ಕಳೆದರೂ 'ವಿಲಾಯತಿ' ಕಳಚಲಿಲ್ಲ! ಗುಡ್ಡ ಹಸಿರಾಗಲೆಂದು ಬ್ರಿಟಿಷರು ನೆಟ್ಟದ್ದು. ಈಗ ಅರಣ್ಯ ಇಲಾಖೆ ಅದನ್ನು ಕಡಿಮೆ ಮಾಡಿ ನಾಡಮರಗಳನ್ನು ಬೆಳೆಸಲು ಹೊರಟಿದೆ.

ಹೊರಗಿನಿಂದ ಬಂದದ್ದೇ ತಪ್ಪೆ? ಹೊಟ್ಟೆಪಾಡಿಗೆ ವಿಂಧ್ಯ ದಾಟಿ ಬಂದ ನಮಗೆ ಈ ಪ್ರಶ್ನೆ ತುಸು ಚುಚ್ಚುತ್ತದೆ. 2011ರಲ್ಲಿ ಮಾರ್ಕ್ ಡೇವಿಸ್ ಮತ್ತು ಅವರ 18 ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ, ಜೀವಿಗಳನ್ನು ಹುಟ್ಟೂರಿನಿಂದ ಅಳೆಯಬಾರದೆಂದು ಬರೆದರು. 141 ಮಂದಿ ವಿಜ್ಞಾನಿಗಳು ಆಕ್ಷೇಪವೆತ್ತಿದರು: ಹುಟ್ಟೂರಿನ ಮೇಲೆ ನಮಗೇನೂ ಹಗೆಯಿಲ್ಲ, ಆದರೆ ಹೊಸ ಜೀವಿಯ ಹಾನಿ ಎಷ್ಟೋ ವೇಳೆ ದಶಕಗಳ ಮೇಲೆ ತಿಳಿಯುತ್ತದೆ, ಎಂದು.

ನಮ್ಮ ಸಾರಿನ ಹುಣಿಸೆಯೂ ಆಫ್ರಿಕ ಮೂಲದ್ದೇ. ಅದನ್ನು ಕಡಿಯಿರೆಂದು ಯಾರೂ ಹೇಳರು. ಜಾಲಿಯ ಮೇಲಿನ ದೂರು ಬೇರೆ. ಅದರ ಉದುರೆಲೆಯ ಸಾರ ಬೇರೆ ಗಿಡಗಳ ಮೊಳಕೆಯನ್ನು ತಡೆಯುತ್ತದೆ. ಬುಡದಲ್ಲಿ ಹುಲ್ಲೂ ವಿರಳ. ಈ ವಾದವನ್ನು ಒಪ್ಪಿದೆವು. ಆದರೆ ಮರವನ್ನು ಅಪರಾಧಿಯೆನ್ನಲು ಮನಸ್ಸು ಬಾರದು. ತವರಿನಲ್ಲಿ ಅದರ ಬೀಜ ತಿಂದು ಹತೋಟಿಯಲ್ಲಿಡುವ ಕೀಟಗಳುಂಟು. ತಂದವರು ಬೀಜ ತಂದರೇ ಹೊರತು ಆ ಬಳಗವನ್ನಲ್ಲ. ತೆಗೆಯಬೇಕಾದರೆ ತೆಗೆಯಲಿ, ಆದರೆ ನಿಧಾನವಾಗಿ. ಅದರ ನೆರಳಿನಲ್ಲಿ ನವಿಲುಗಳಿವೆ, ಅದರ ಸೌದೆಯಿಂದ ಒಲೆ ಉರಿಸುವ ಬಡವರಿದ್ದಾರೆ. ಅವರಿಗೆ ಬೇರೆ ಮರ ಬೆಳೆದು ನಿಲ್ಲುವವರೆಗಾದರೂ ಕೊಡಲಿ ತಡೆಯಬೇಕು.