ಜೋಳದ ಋಣವೂ ಸೇನಾನಿಯ ಲೆಕ್ಕವೂ

ಕೊಂಕಲ್, ಶಹಾಪುರ, ಸುರಪುರಗಳ ಸೀಮೆಯಲ್ಲಿ ಜೋಳವೆಂದರೆ ಅನ್ನ, ಅನ್ನವೆಂದರೆ ಋಣ. ಒಡೆಯನ ಜೋಳವನ್ನುಂಡವನು ರಣದಲ್ಲಿ ಪ್ರಾಣವನ್ನಿತ್ತಾದರೂ ಅದನ್ನು ತೀರಿಸತಕ್ಕದ್ದೆಂದು ಹಳೆಯ ಕನ್ನಡಿಗರು ಬಗೆದು, ಆ ನಿಷ್ಠೆಯನ್ನು ಜೋಳವಾಳಿಯೆಂದು ಕರೆದರು. ಈ ಧರ್ಮದಲ್ಲಿ ಒಂದು ಸೂಕ್ಷ್ಮವುಂಟು. ತೀರಿಸುವೆನೆಂಬ ಮಾತು ಉಂಡವನ ಬಾಯಿಂದ ಬರಬೇಕೇ ಹೊರತು ಬಡಿಸಿದವನ ಬಾಯಿಂದಲ್ಲ. ದುರ್ಯೋಧನನನ್ನು ತೊರೆಯಲಾರೆನೆಂದು ಕರ್ಣನು ನಿಂತುದು ಹಿರಿಮೆ. ನಿನ್ನ ಪ್ರಾಣವು ನನ್ನ ಸೊತ್ತೆಂದು ದುರ್ಯೋಧನನೇ ಕೇಳಿದ್ದರೆ ಅದು ಬರಿಯ ಬಡ್ಡಿವ್ಯವಹಾರವಾಗುತ್ತಿತ್ತು.

ಯಂತ್ರಯುಗದ ಯುದ್ಧದಲ್ಲಿ ಈ ಭೇದವು ಉಳಿದೀತೇ? ಈಜಿಪ್ಟಿನ ಮರಳುಗಾಡಿನ ಎಲ್ ಅಲಮೀನ್ ಎಂಬಲ್ಲಿ 1942ನೆಯ ಇಸವಿಯ ಅಕ್ಟೋಬರ್ 23ರ ರಾತ್ರಿ ಮೊದಲಾದ ಕದನವು ವಾರ ಕಳೆದರೂ ಇತ್ಯರ್ಥವಾಗಲಿಲ್ಲ. ರೊಮೆಲ್ಲನ ಫಿರಂಗಿಗಳ ಸಾಲು ಮುರಿಯದೆ ಇಂಗ್ಲಿಷರ ಟ್ಯಾಂಕುಗಳಿಗೆ ಬಯಲಿನ ದಾರಿ ತೆರೆಯುವಂತಿರಲಿಲ್ಲ. ಸೇನಾಪತಿ ಮಾಂಟ್ಗೊಮರಿಯು ಆ ಕೆಲಸವನ್ನು ಒಂಬತ್ತನೆಯ ಟ್ಯಾಂಕುದಳಕ್ಕೆ ವಹಿಸಿ, ದಳಕ್ಕೆ ನೂರಕ್ಕೆ ನೂರು ನಷ್ಟವಾದರೂ ತನಗೆ ಸಮ್ಮತವೆಂದನು.

ನವೆಂಬರ್ 2ರಂದು ಕತ್ತಲಿರುವಾಗಲೇ ಎರಗಬೇಕೆಂಬುದು ಯೋಜನೆ. ಹೊರಡುವುದು ಅರ್ಧ ಗಂಟೆ ತಡವಾಯಿತು. ಅಷ್ಟರಲ್ಲಿ ಮೂಡಲು ಬೆಳಗಿತು. ಪಡುವಲಿಗೆ ಸಾಗುತ್ತಿದ್ದ ಟ್ಯಾಂಕುಗಳು ಬೆನ್ನ ಹಿಂದಿನ ಬೆಳಕಿನಲ್ಲಿ ಕಪ್ಪು ಗುರಿಗಳಂತೆ ವೈರಿಗೆ ಕಂಡವು. ಜಯದ್ರಥನ ಕಥೆಯಲ್ಲಿ ಸೂರ್ಯನು ಮರೆಯಾಗಿ ಕೊಲ್ಲಿಸಿದನು. ಇಲ್ಲಿ ಮೂಡಿ ಕೊಲ್ಲಿಸಿದನು. 94 ಟ್ಯಾಂಕುಗಳಲ್ಲಿ 70 ಹಾಳಾದವು. ಸುಮಾರು 400 ಮಂದಿಯಲ್ಲಿ 230 ಮಂದಿ ಸತ್ತರು, ಗಾಯಗೊಂಡರು, ಇಲ್ಲವೆ ಕಾಣೆಯಾದರು. ಫಿರಂಗಿಗಳ ಸಾಲು ಪೂರ್ತಿ ಮುರಿಯಲಿಲ್ಲ, ಆದರೆ ಸಡಿಲಿತು. ಆ ಸಂಜೆಯೇ ರೊಮೆಲ್ಲನು ಹಿಂಜರಿಯಲು ನಿಶ್ಚಯಿಸಿದನು. 4ರ ಬೆಳಗ್ಗೆ ಭಾರತದ ಐದನೆಯ ಪದಾತಿದಳವು ದಕ್ಷಿಣದಲ್ಲಿ ಬಾಗಿಲನ್ನು ತೆರೆಯಿತು, ಟ್ಯಾಂಕುಗಳು ಬಯಲಿಗಿಳಿದವು.

ಮಾಂಟ್ಗೊಮರಿಯ ಲೆಕ್ಕವು ತಪ್ಪೆನ್ನಲಾಗದು. ಕದನವು ಇನ್ನೂ ಎಳೆದಿದ್ದರೆ ಸಾಯುವವರು ನೂರಾರಲ್ಲ, ಸಾವಿರಾರು. ಹೋಲಿಸಬೇಕೆಂದರೆ ಎದುರಾಳಿಯ ಪಾಳೆಯವಿದೆ: ನವೆಂಬರ್ 3ರಂದು ಹಿಟ್ಲರನು ಗೆಲವು ಇಲ್ಲವೆ ಸಾವು, ಮೂರನೆಯ ದಾರಿಯಿಲ್ಲವೆಂದು ರೊಮೆಲ್ಲನಿಗೆ ತಂತಿ ಕಳುಹಿಸಿದನು. ಆ ಸಾವಿನಿಂದ ದೊರಕತಕ್ಕದ್ದೇನೆಂಬ ಲೆಕ್ಕವೇ ಅದರಲ್ಲಿರಲಿಲ್ಲ. ಒಬ್ಬನು ಅನ್ಯರ ಪ್ರಾಣವನ್ನು ಬೆಲೆಯೆಂದು ತೆತ್ತನು, ಮತ್ತೊಬ್ಬನು ಚೆಲ್ಲಿದನು. ಇವೆರಡನ್ನೂ ಸಮವೆನ್ನುವುದು ನ್ಯಾಯವಲ್ಲ.

ಆದರೂ ತೆತ್ತ ಧನವು ತನ್ನದಾಗಿರಲಿಲ್ಲವೆಂಬ ಮಾತು ಉಳಿಯುತ್ತದೆ. ಸರಿಯಾದ ಲೆಕ್ಕವು ಪರರ ಗಂಟಿನ ಮೇಲೆ ಹಕ್ಕನ್ನು ಕೊಡದು. ಆ ಹಕ್ಕು ಯಾರಿಗಾದರೂ ಇದ್ದಿತಾದರೆ ಅದು ದಳನಾಯಕ ಜಾನ್ ಕರೀ ಎಂಬವನಿಗೆ. ನೂರಕ್ಕೆ ನೂರೆಂಬ ಮಾತು ಕೇಳಿಯೂ ಅವನು ತನ್ನ ಟ್ಯಾಂಕಿನಲ್ಲಿ ಮುಂದೆ ನಡೆದನು, ಆ ನೂರರಲ್ಲಿ ತನ್ನನ್ನೂ ಎಣಿಸಿಕೊಂಡನು. ಕಾಳಗದ ತರುವಾಯ ಅವನು ಡೋಲಿಯ ಮೇಲೆ ನಿದ್ರಿಸುತ್ತಿದ್ದಾಗ ಮತ್ತೊಬ್ಬ ನಾಯಕನು ಬಂದು ಎಬ್ಬಿಸಿ, ನಿನ್ನ ರೆಜಿಮೆಂಟುಗಳೆಲ್ಲಿ ಎಂದು ಕೇಳಿದನು. ಕರೀ ಪಕ್ಕದಲ್ಲಿ ನಿಂತಿದ್ದ ಹನ್ನೆರಡರಷ್ಟು ಟ್ಯಾಂಕುಗಳತ್ತ ಕೈತೋರಿಸಿ, ಅವೇ ಎಂದನು.