ದೀಪಸೇವೆಯೂ ದೀಪಶೇಷವೂ



ಕಾರ್ತಿಕಮಾಸದಲ್ಲಿ ಶ್ರೀದಾಮೋದರನಿಗೆ ದೀಪವನ್ನು ಸಮರ್ಪಿಸುವುದು ನಮ್ಮ ಮನೆತನಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಸೇವೆ. ಉಡುಪಿಯ ರಥಬೀದಿಯಲ್ಲಿ ಲಕ್ಷದೀಪೋತ್ಸವದ ಹಣತೆಗಳು ಬೆಳಗುವಂತೆ ನಮ್ಮ ತುಳಸೀವೃಂದಾವನದ ಮುಂದೆಯೂ ದೀಪಗಳು ಬೆಳಗುತ್ತವೆ. ಆ ಹಣತೆಯನ್ನು ತೊಳೆದು ಮರುವರ್ಷಕ್ಕೆ ಎತ್ತಿಡುತ್ತೇವೆ; ನಿರ್ಮಾಲ್ಯವನ್ನು ಯಾರೂ ತುಳಿಯದ ಎಡೆಯಲ್ಲಿ ವಿಸರ್ಜಿಸುತ್ತೇವೆ. ಆದರೆ ದೇವರ ಮನೆಯ ವಿದ್ಯುದ್ದೀಪ ಕೆಟ್ಟೊಡನೆ ಅದನ್ನು ಕಸಕ್ಕೆ ಎಸೆದು ಮರೆಯುತ್ತೇವೆ. ಇದು ಯುಕ್ತವೇ?

ಈಶಾವಾಸ್ಯೋಪನಿಷತ್ತಿನ ಮೊದಲ ಮಂತ್ರಕ್ಕೆ ಶ್ರೀಮದಾಚಾರ್ಯರು, ಭಗವಂತನು ಕೊಟ್ಟುದರಿಂದಲೇ ಜೀವನು ಭೋಗಿಸತಕ್ಕದ್ದೆಂದು ಅರ್ಥ ಹೇಳಿದ್ದಾರೆ. ಜಗತ್ತು ಮಿಥ್ಯೆಯಲ್ಲ, ಸತ್ಯವಾದುದು, ಶ್ರೀಹರಿಯ ಅಧೀನವಾದುದು. ದೀಪದೊಳಗಿನ ಗಾಜು, ತಾಮ್ರ, ಅಲ್ಯೂಮಿನಿಯಂ ಸಹ ಅವನ ಸ್ವತ್ತು. ಒಡೆಯನ ಸ್ವತ್ತನ್ನು ಹಾಳುಗೆಡವುವುದು ದಾಸನ ಲಕ್ಷಣವಲ್ಲ.

ಇದಕ್ಕೆ ವಿರುದ್ಧವಾದ ಲೋಭದ ದೃಷ್ಟಾಂತವು ವಿದ್ಯುದ್ದೀಪದ ಚರಿತ್ರೆಯಲ್ಲಿಯೇ ದೊರೆಯುತ್ತದೆ. 1924ರಲ್ಲಿ ಸ್ವಿಟ್ಜರ್‌ಲೆಂಡಿನ ಜಿನೀವಾದಲ್ಲಿ ಹಲವು ದೇಶಗಳ ತಯಾರಕರು ಒಕ್ಕೂಟ ಕಟ್ಟಿ, ಬಲ್ಬಿನ ಆಯುಸ್ಸನ್ನು 1000 ಗಂಟೆಗಳಿಗೆ ಇಳಿಸಿದರು. ಹೆಚ್ಚು ಬಾಳುವ ಬಲ್ಬು ಮಾಡಿದವರಿಗೆ ದಂಡವನ್ನೂ ವಿಧಿಸಿದರು. ಬೇಗ ಕೆಟ್ಟರೆ ಬೇಗ ಮಾರಾಟವಾಗುವುದಷ್ಟೆ!

ಇಂದು 60 ವಾಟಿನ ಹಳೆಯ ಬಲ್ಬಿನಷ್ಟು ಬೆಳಕನ್ನು ಸುಮಾರು 9 ವಾಟಿನ ಎಲ್‌ಇಡಿ ದೀಪವೇ ಕೊಡುತ್ತದೆ. 10 ದೀಪಗಳು ದಿನಕ್ಕೆ 4 ಗಂಟೆಯಂತೆ 30 ದಿನ ಉರಿದರೆ, 72 ಯೂನಿಟ್ ಬೇಕಾಗಿದ್ದೆಡೆ 11 ಯೂನಿಟ್ ಸಾಕಾಗುತ್ತದೆ. ಆದರೆ ಮಿತವ್ಯಯವು ಇಲ್ಲಿಗೇ ಮುಗಿಯದು. ಎಲ್‌ಇಡಿಯಲ್ಲಿ ಅನೇಕ ವೇಳೆ ಮೊದಲು ಕೆಡುವುದು ಬೆಳಕಿನ ಕಣವಲ್ಲ, ಅದಕ್ಕೆ ವಿದ್ಯುತ್ತನ್ನು ಹದಗೊಳಿಸಿ ಕೊಡುವ ಡ್ರೈವರ್ ಎಂಬ ಭಾಗ. ಅದನ್ನು ಬದಲಿಸಲು ಬರುವ ದೀಪವನ್ನೇ ಆರಿಸೋಣ. ಕೆಟ್ಟುದನ್ನು ರಿಪೇರಿ ಮಾಡಿಸೋಣ.

ಹಳೆಯ ಟ್ಯೂಬ್‌ಲೈಟಿನಲ್ಲಿಯಾದರೋ ಪಾದರಸವಿದೆ. ಅದು ಒಡೆದರೆ ವಿಷದ ಆವಿಯು ಕಸ ಆಯುವವರ ಉಸಿರನ್ನು ಸೇರುತ್ತದೆ. ಅವರ ಹೃದಯದಲ್ಲಿಯೂ ಬಿಂಬರೂಪದಿಂದ ನೆಲೆಸಿರುವವನು ಅದೇ ಶ್ರೀಹರಿ. ಅವನಿಗೆ ಇಲ್ಲಿ ದೀಪ ಬೆಳಗಿ, ಅಲ್ಲಿ ಅವನ ಸನ್ನಿಧಾನವಿರುವ ದೇಹಕ್ಕೆ ವಿಷ ಉಣಿಸಿದರೆ ಅದು ಎಂತಹ ಪೂಜೆ?

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಇರಿಸಿವೆ. ನಮ್ಮ ಪಾಲಿನ ಕರ್ತವ್ಯ ಅಲ್ಪವಾದುದು: ಕೆಟ್ಟ ದೀಪವನ್ನು ಒಡೆಯದೆ ಕಾಗದದಲ್ಲಿ ಸುತ್ತಿ, ಬೇರೆಯಾಗಿ ಇರಿಸಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸುವುದು. ಈ ಕಾರ್ತಿಕದಲ್ಲಿ ದೀಪವನ್ನು ಹಚ್ಚುವ ಶ್ರದ್ಧೆಯಿಂದಲೇ ಅದರ ಶೇಷವನ್ನೂ ಸಲ್ಲಬೇಕಾದೆಡೆಗೆ ಸಲ್ಲಿಸೋಣ.

॥ ಶ್ರೀಕೃಷ್ಣಾರ್ಪಣಮಸ್ತು ॥